ಏರಿಳಿತದ ಕಪಾಟು

ಮನೆಯಲ್ಲಿ ಹಿಟ್ಟಿಗೆ ಜರಡಿ ಹಿಡಿಯುವುದು ಹುಳ ಬಿಸಾಡಿ ಹಿಟ್ಟು ಉಳಿಸಿಕೊಳ್ಳಲು. ನನ್ನ ಕೆಲಸದಲ್ಲಿ ಅದು ತಿರುವುಮುರುವು, ಹಿಟ್ಟು ಬಿಸಾಡಿ ಹುಳ ಉಳಿಸಿಕೊಳ್ಳಬೇಕು. ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಹಾಜರಿ ಪುಸ್ತಕದಲ್ಲಿ ನನಗೊಂದು ಹೆಸರಿದೆ, ಆದರೆ ಗೇಟಿನವನಿಂದ ಹಿಡಿದು ದೊಡ್ಡ ಸರ್ ತನಕ ಎಲ್ಲರೂ ಕರೆಯುವುದು ಹುಳದಮ್ಮ ಎಂದೇ. ಮೊದಮೊದಲು ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದರಲ್ಲಿ ನನ್ನ ಸಿಟ್ಟಿನ ಪಾಲು ದೊಡ್ಡದು.

ಹುಳದ ಕೋಣೆ ನಮ್ಮ ಸಂಶೋಧನಾ ಸಂಸ್ಥೆಯ ಕಟ್ಟಡದ ಹಿಂಬದಿಗಿದೆ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದಾರೆ. ಒಳಗೆ ಒಂದು ಉದ್ದ ಮೇಜು, ತೂಕದ ಯಂತ್ರ, ಒಂದು ಭೂತಗನ್ನಡಿ, ಗೋಡೆಗೆ ಒರಗಿ ನನ್ನೆತ್ತರದ ಎರಡು ಕಪಾಟು. ಬಟ್ಟೆ ಇಡುವ ಕಪಾಟಲ್ಲ, ಒಳಗಿನ ಬಿಸಿಯನ್ನು ನಾವು ಹೇಳಿದಷ್ಟೇ ಇಡುವಂಥವು. ನಾಲ್ಕು ವರ್ಷದ ಹಿಂದೆ ಒಬ್ಬ ಹುಡುಗಿ ಇಲ್ಲಿಗೆ ಡಾಕ್ಟರೇಟ್ ಮಾಡಲು ಬಂದಳು. ಒಂದು ಕಪಾಟಿನಲ್ಲಿ ಹಗಲೂ ರಾತ್ರಿ ಮೂವತ್ತು ಡಿಗ್ರಿಯೇ ಇರುವಂತೆ ಮಾಡಿಸಿದಳು. ಇನ್ನೊಂದು ರಾತ್ರಿ ಇಪ್ಪತ್ತನಾಲ್ಕಕ್ಕೆ ಇಳಿಯಬೇಕು, ಮಧ್ಯಾಹ್ನ ಮೂವತ್ತಾರಕ್ಕೆ ಏರಬೇಕು. ಹಿಟ್ಟಿನಲ್ಲಿ ಬೆಳೆಯುವ, ಎಳ್ಳುಕಾಳಿಗಿಂತ ತುಸು ದೊಡ್ಡದಾದ ಕಂದು ಹುಳಗಳನ್ನು ಎರಡು ಪಾಲು ಮಾಡಿ ಎರಡರಲ್ಲೂ ಬಿಟ್ಟಳು.

"ಎರಡರ ಸರಾಸರಿಯೂ ಮೂವತ್ತೇ ಅಂದ್ಮೇಲೆ ಎರಡು ಕಪಾಟು ಯಾಕಮ್ಮಾ? ಕರೆಂಟು ದಂಡ," ಎಂದು ನಾನು ಮೊದಲ ವಾರವೇ ಕೇಳಿದ್ದೆ.

"ಹುಳ ಸರಾಸರೀಲಿ ಬದುಕಲ್ವಲ್ಲ ಅಮ್ಮಾ," ಎಂದಳು. "ಈಗ ಹೊರಗೆ ಹವೆ ಹೇಗಿದೆ ನೋಡಿ. ವರ್ಷದ ಲೆಕ್ಕಕ್ಕೆ ಒಂದು ಡಿಗ್ರಿ ಏರಿದೆ ಅಂತಾರೆ. ಆದ್ರೆ ಬೆಳಿಗ್ಗೆ ಸ್ವೆಟರು, ಮಧ್ಯಾಹ್ನ ಫ್ಯಾನು. ಹುಳಕ್ಕೆ ಸ್ವೆಟರೂ ಇಲ್ಲ, ಫ್ಯಾನೂ ಇಲ್ಲ. ಎಲ್ಲಾನೂ ಮೈಮೇಲೇ ತಗೋಬೇಕು. ಹಾಗೆ ತಗೊಂಡು ತಗೊಂಡು ಅದರ ಮಕ್ಕಳು ಮೊಮ್ಮಕ್ಕಳು ಗಟ್ಟಿ ಆಗ್ತಾವಾ, ಇಲ್ಲಾ ಸವೆದು ಹೋಗ್ತಾವಾ? ನಂಗದು ಗೊತ್ತಾಗ್ಬೇಕು."

ಸಂಜೆ ಇದನ್ನು ನಮ್ಮ ಮನೆಯವರಿಗೆ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತದೆ, "ಹಾಗಾದ್ರೆ ನೀನೂ ಸರಾಸರಿ ತೆಗೆದ್ರೆ ಶಾಂತಮೂರ್ತಿನೇ ಬಿಡು. ಮಧ್ಯಾಹ್ನದ ಮೂವತ್ತಾರು ತಡ್ಕೊಳ್ಳೋದೇ ಕಷ್ಟ," ಎಂದರು. ನಾನು ಎರಡು ದಿನ ಮಾತು ಬಿಟ್ಟೆ.

ಕೆಲಸ ಇಷ್ಟು. ಐದು ವಾರಕ್ಕೊಂದು ತಲೆಮಾರು. ಕಪಾಟಿಗೆ ನಾಲ್ಕು ಖಾನೆ, ಖಾನೆಗೆ ಐದು ಬಾಟಲಿ. ತಲೆಮಾರು ಬದಲಾಗುವ ದಿನ ಒಂದು ಕಪಾಟಿನ ಇಪ್ಪತ್ತು ಬಾಟಲಿಯನ್ನೂ ಒಂದೇ ತಟ್ಟೆಗೆ ಸುರಿದು, ಜರಡಿ ಹಿಡಿದು, ಹುಳಗಳನ್ನು ಬೆರೆಸಿ, ಹೊಸ ಹಿಟ್ಟಿನ ಇಪ್ಪತ್ತು ಬಾಟಲಿಗೆ ಹಂಚಬೇಕು. ಆದರೆ ಒಂದು ಕಪಾಟಿನ ಹುಳ ಇನ್ನೊಂದು ಕಪಾಟಿನದರ ಜೊತೆ ಎಂದೂ ಬೆರೆಯಕೂಡದು. ಅದಕ್ಕೇ ಚೀಟಿ. ಏರಿಳಿತದ ಬಾಟಲಿಗೆ ನಾನು ‘ಏ’ ಎಂದು ಬರೆದು ಅಂಟಿಸುತ್ತಿದ್ದೆ, ಸ್ಥಿರದ ಬಾಟಲಿಗೆ ‘ಸ್ಥಿ’ ಎಂದು. ನಮ್ಮಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು. ಬರೆಯುವಾಗ ದೀರ್ಘ ತಪ್ಪಿದರೆ, ಒತ್ತು ಬಿಟ್ಟರೆ, ಬ್ರಷ್ಷಿನ ಹಿಡಿಯಿಂದಲೇ ನಮ್ಮ ಬೆರಳ ಗೆಣ್ಣಿಗೆ ಬೀಳುತ್ತಿತ್ತು. ಹಾಗಾಗಿ ನನ್ನ ಚೀಟಿ ನೋಡಿದವರು ಅಚ್ಚು ಹಾಕಿಸಿದ್ದೀರಾ ಎಂದು ಕೇಳಬೇಕು, ಹಾಗಿರುತ್ತದೆ. ಕೇಳಿದ್ದಾರೆ ಕೂಡ.

ಮೊದಲ ವರ್ಷ ಏರಿಳಿತದ ಹುಳಗಳ ಪಾಡು ನೋಡಲಾಗುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇಪ್ಪತ್ತಾರು ವರ್ಷ ಸಾಕಿದವಳಿಗೂ ಹಾಗೆಯೇ. ಮೈ ಸಣ್ಣ, ಆಯುಸ್ಸು ಕಡಿಮೆ, ಸ್ಥಿರದ ಹೆಣ್ಣು ಹತ್ತು ಮೊಟ್ಟೆ ಇಟ್ಟರೆ ಇದು ಆರು ಇಡುತ್ತಿತ್ತು. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಚೇತರಿಸಿಕೊಳ್ಳತೊಡಗಿದವು. ಹನ್ನೆರಡನೆಯ ತಲೆಮಾರಿಗೆ ಒಂಬತ್ತು ಮೊಟ್ಟೆ ಆಯಿತು. ಹುಡುಗಿ ನನ್ನ ಎರಡೂ ಕೈ ಹಿಡಿದು ಆ ಇಕ್ಕಟ್ಟು ಕೋಣೆಯಲ್ಲೇ ಒಂದು ಸುತ್ತು ತಿರುಗಿಸಿದಳು. "ಕಲೀತಿವೆ ಅಮ್ಮಾ, ಕಲೀತಿವೆ!" ಎಂದಳು.

ಹದಿನಾರನೆಯ ತಲೆಮಾರಿನ ಹೊತ್ತಿಗೆ ನನ್ನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. ಐದು ವಾರ ಹಿಟ್ಟಿನ ಧೂಳು ಕೂಡದು, ಬಗ್ಗಕೂಡದು. ಹುಡುಗಿ ಆಗ ಬೇರೆ ಸಂಸ್ಥೆಗೆ ತರಬೇತಿಗೆ ಹೋಗಿದ್ದಳು. ನನ್ನ ಬದಲಿಗೆ ಯಾರನ್ನು ಕಳಿಸುವುದು? ನಾದಿನಿಯನ್ನು ಕಳಿಸಿದೆ. ಗಂಡನ ತಂಗಿ, ನಮ್ಮ ಮನೆಯಲ್ಲೇ ಇದ್ದಾಳೆ, ಹೊಲಿಗೆ ಹೊಲಿಯುತ್ತಾಳೆ. ಕೈ ಚುರುಕು, ಮಾತು ಕಡಿಮೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಅವಳು ಅಳತೆ ಪುಸ್ತಕದಲ್ಲಿ ‘ಕುತ್ತಿಗೆ’ಯನ್ನು ‘ಕುತಿಗೆ’ ಎಂದೂ ‘ತೋಳು’ ಅನ್ನು ‘ತೊಳು’ ಎಂದೂ ಬರೆಯುವುದನ್ನು ಕಂಡು ನಾನು ಎಷ್ಟು ಸಲ ನಕ್ಕಿದ್ದೇನೋ ಲೆಕ್ಕವಿಲ್ಲ. ಅವಳೂ ನಗುತ್ತಿದ್ದಳು. ನೊಂದುಕೊಳ್ಳುತ್ತಿದ್ದಳೋ ಏನೋ, ನಾನು ಕೇಳಿದವಳಲ್ಲ.

ನಾನು ಕೆಲಸಕ್ಕೆ ಮರಳಿದ ದಿನ ಹೊಸ ಕಣ್ಣಿಗೆ ಎಲ್ಲವೂ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಸ್ಥಿರದ ಕಪಾಟು ತೆರೆದೆ. ತಲೆಮಾರು ಬದಲಾಗಿ ಹೊಸ ಬಾಟಲಿಗಳು ಕುಳಿತಿದ್ದವು, ಎಲ್ಲದರ ಮೇಲೂ ನಾದಿನಿಯ ಕೈಬರಹದಲ್ಲಿ ‘ಎ’. ಏರಿಳಿತದ ಕಪಾಟು ತೆರೆದೆ. ಅಲ್ಲೆಲ್ಲ ‘ಸಿ’.

ನನಗೆ ತಕ್ಷಣ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ. ಇವಳು ‘ಏ’ಗೆ ದೀರ್ಘ ಎಳೆದಿಲ್ಲ, ‘ಸ್ಥಿ’ಯ ಒತ್ತನ್ನು ನುಂಗಿದ್ದಾಳೆ. ಅದು ಹಾಳಾಗಲಿ, ಏರಿಳಿತದ ಬಾಟಲಿಗಳನ್ನು ಸ್ಥಿರದ ಕಪಾಟಿನಲ್ಲಿಟ್ಟು, ಸ್ಥಿರದವನ್ನು ಏರಿಳಿತದಲ್ಲಿಟ್ಟಿದ್ದಾಳೆ! ನೆತ್ತಿಗೇರಿದ ಸಿಟ್ಟು ಇಂದಿಗೂ ನೆನಪಿದೆ. "ಅಕ್ಷರ ಬಾರದವಳನ್ನ ಕಳಿಸಿದ್ದಕ್ಕೆ ನನಗೆ ಬುದ್ಧಿ ಇಲ್ಲ" ಎಂದು ಗಟ್ಟಿಯಾಗಿಯೇ ಬೈದುಕೊಂಡೆ. ಬಾಟಲಿಗಳನ್ನು ತೆಗೆತೆಗೆದು ಅದಲುಬದಲು ಮಾಡಿದೆ. ಮಾಡುತ್ತಾ ಮಾಡುತ್ತಾ ಕೆಂಪು ಪೆನ್ನಿನಲ್ಲಿ ದೀರ್ಘ ಎಳೆದೆ, ಒತ್ತು ಕೊಟ್ಟೆ.

ಪುಸ್ತಕದಲ್ಲಿ ಇದನ್ನು ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ, ನಾದಿನಿಗೆ ಕೂಡ. ಮನೆಯ ಮಾತು ಬೀದಿಗೆ ಬೀಳಬಾರದು, ಪಾಪ, ಹೊಟ್ಟೆಯಲ್ಲಿ ಹಾಕಿಕೊಳ್ಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದರಲ್ಲಿ ನನಗೊಂದು ಸುಖವೂ ಇತ್ತು. ಅವಳ ಒಂದು ದೊಡ್ಡ ತಪ್ಪು ನನ್ನ ಗಂಟಿನಲ್ಲಿದೆ, ನಾನು ಬಿಚ್ಚುತ್ತಿಲ್ಲ, ನಾನೆಷ್ಟು ದೊಡ್ಡವಳು ಎಂಬ ಸುಖ.

ಮುಂದಿನ ತಲೆಮಾರಿಗೆ ಏರಿಳಿತದ ಮೊಟ್ಟೆ ಮತ್ತೆ ಏಳಕ್ಕೆ ಇಳಿಯಿತು. ತರಬೇತಿ ಮುಗಿಸಿ ಬಂದ ಹುಡುಗಿ ತಲೆ ಕೆರೆದುಕೊಂಡಳು. ಕರೆಂಟು ಹೋಗಿತ್ತಾ, ಹಿಟ್ಟು ಕೆಟ್ಟಿತ್ತಾ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಆ ಐದು ವಾರದ ಅದಲುಬದಲಿಗೆ ಪೆಟ್ಟು ಬಿದ್ದಿದೆ, ಸರಿಹೋಗುತ್ತದೆ ಎಂದು ಒಳಗೊಳಗೇ ಲೆಕ್ಕ ಹಾಕಿದ್ದೆ. ಸರಿಯೂ ಹೋಯಿತು. ಹಾಗಾಗಿ ಮರೆತೆ.

ಈ ವರ್ಷ ಮೂವತ್ತೈದನೆಯ ತಲೆಮಾರು. ಕೊನೆಯ ಪರೀಕ್ಷೆ. ಎರಡೂ ಕುಲದಿಂದ ಐನೂರೈನೂರು ಹುಳ ತೆಗೆದು, ಇನ್ನೊಂದು ಪೆಟ್ಟಿಗೆಯಲ್ಲಿಟ್ಟು, ಹತ್ತು ದಿನ ಮಧ್ಯಾಹ್ನ ನಲವತ್ತೆರಡು ಡಿಗ್ರಿಯವರೆಗೆ ಏರಿಸಿ ಇಳಿಸಬೇಕು. ಯಾವ ಕುಲ ಎಷ್ಟು ಉಳಿಯಿತು ಎಂದು ಎಣಿಸಬೇಕು. ಏರಿಳಿತದಲ್ಲಿ ಬೆಳೆದವು ಹೆಚ್ಚು ತಡೆಯುತ್ತವೆ ಎಂದು ಹುಡುಗಿ, ನಾನು, ದೊಡ್ಡ ಸರ್, ಎಲ್ಲರೂ ನಂಬಿದ್ದೆವು.

ಎಣಿಸಿದೆವು. ‘ಏ’ ನೂರಕ್ಕೆ ಐವತ್ತೆರಡು ಉಳಿದಿದ್ದವು. ‘ಸ್ಥಿ’ ಎಪ್ಪತ್ತೊಂಬತ್ತು.

"ತಟ್ಟೆ ಅದಲುಬದಲಾಗಿದ್ಯಾ?" ಎಂದಳು ಹುಡುಗಿ. ಇಲ್ಲ. ಮತ್ತೆ ಮಾಡಿದೆವು. ಥರ್ಮಾಮೀಟರು ಬದಲಿಸಿ ಮತ್ತೊಮ್ಮೆ ಮಾಡಿದೆವು. ಮೂರು ಸಲವೂ ಅದೇ. ಜನ್ಮದಲ್ಲಿ ಮೂವತ್ತು ಡಿಗ್ರಿ ಬಿಟ್ಟು ಬೇರೇನೂ ಕಾಣದ ಹುಳ, ಅದರ ಅಪ್ಪ ಅಜ್ಜ ಮುತ್ತಜ್ಜ ಕಾಣದ ಹುಳ, ಬೆಂಕಿಯಂಥ ಮಧ್ಯಾಹ್ನವನ್ನು ತಡೆಯುತ್ತಿದೆ. ಮೂವತ್ತೈದು ತಲೆಮಾರು ಬೆಂದು ಬಂದದ್ದು ದೊಪದೊಪ ಸಾಯುತ್ತಿದೆ. ನನಗೆ ತಲೆ ಬುಡ ತಿಳಿಯಲಿಲ್ಲ. ಜರಡಿ ಹಿಡಿದು ನಿಂತಲ್ಲೇ ನಿಂತುಬಿಡುತ್ತಿದ್ದೆ. ಮನೆಯಲ್ಲಿ ಒಲೆಯ ಮೇಲೆ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ನಮ್ಮ ಮನೆಯವರು, "ಏನು, ಹುಳ ನಿನ್ನ ತಲೆಗೇ ಹೊಕ್ಕಿತಾ?" ಎಂದು ರೇಗಿಸಿದರು. ಅಂದು ಬಯ್ಯುವುದಕ್ಕೂ ನನಗೆ ಮನಸ್ಸಾಗಲಿಲ್ಲ.

ದೊಡ್ಡ ಸರ್‌ಗೆ ಮಾತ್ರ ಗೊಂದಲವೇ ಆಗಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವರು. ಎರಡು ದಿನ ಯೋಚಿಸಿ ಬಂದು, "ಸುಖವಾಗಿ ಬೆಳೆದವರಲ್ಲಿ ಶಕ್ತಿ ಉಳಿದಿರತ್ತೆ ಕಣಮ್ಮಾ. ಕಷ್ಟಪಟ್ಟವರು ಮೊದಲೇ ಖರ್ಚಾಗಿರ್ತಾರೆ. ಹೊಸ ಸಿದ್ಧಾಂತ ಇದು. ಬರಿ," ಎಂದರು. ಸ್ವತಃ ಸುಖವಾಗಿ ಬೆಳೆದವರು, ಅವರಿಗೆ ಹಾಗೇ ಕಾಣುತ್ತದೆ. ಹುಡುಗಿ ಬರೆದಳು. ಬರೆಯದೆ ಏನು ಮಾಡಿಯಾಳು? ಕೊಟ್ಟ ಅವಧಿ ಮುಗಿದು, ಬೇಡಿ ಪಡೆದ ಒಂದು ವರ್ಷವೂ ಮುಗಿಯುತ್ತಿತ್ತು. ಬರುವ ಶುಕ್ರವಾರ ಪ್ರಬಂಧ ಒಪ್ಪಿಸದಿದ್ದರೆ ನಾಲ್ಕು ವರ್ಷ ನೀರಿನಲ್ಲಿ ಹೋಮ. ಕೊನೆಯ ಅಧ್ಯಾಯ ಇಲ್ಲದೆ ಒಪ್ಪಿಸುವ ಹಾಗೂ ಇಲ್ಲ.

"ಬರೀತಿದ್ದೀನಿ ಅಮ್ಮಾ," ಎಂದಳು ಒಂದು ಮಧ್ಯಾಹ್ನ, "ಆದ್ರೆ ನಾನೇ ನಂಬ್ತಾ ಇಲ್ಲ."

ಭಾನುವಾರ ಮನೆಯಲ್ಲಿ ನಾದಿನಿ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು. ಇಣುಕಿದೆ. ‘ಬೆಂಕಿ ಪೊಟಣ’ ಎಂದಿತ್ತು. ಹುಳದ ಗೊಂದಲದಲ್ಲಿ ಬೆಂದು ಕೂತಿದ್ದ ನನಗೆ ಸಿಟ್ಟು ಕಾರಿಕೊಳ್ಳಲು ಅಷ್ಟು ಸಾಕಾಯಿತು.

"ನಿನ್ನ ಒತ್ತು ದೀರ್ಘ ಎಲ್ಲಾ ಯಾವ ಕಾಲಕ್ಕೆ ಬರತ್ತೋ! ಅವತ್ತು ಹುಳದ ಚೀಟೀಲೂ ಇದೇ ಕಥೆ. ಏ ಬರೆಯೋ ಕಡೆ ಎ, ಸ್ಥಿ ಬರೆಯೋ ಕಡೆ ಸಿ. ನಾನು ನೋಡಿ ಸರಿಮಾಡಿದೆನೋ ಬದುಕಿಕೊಂಡೆ."

ಅವಳು ಪೆನ್ನು ಹಿಡಿದೇ ನನ್ನ ಮುಖ ನೋಡಿದಳು. "ಯಾವ ಒತ್ತು ಅತ್ತಿಗೆ? ನಿಮ್ಮ ಚೀಟಿ ನಂಗೆ ಅರ್ಥ ಆಗ್ಲಿಲ್ಲ. ಅದಕ್ಕೇ ಕಪಾಟಿನ ಬಾಗಿಲ ಮೇಲಿರೋ ಅಕ್ಷರಾನೇ ಬರೆದೆ. ಎ ಕಪಾಟಿನ ಬಾಟಲಿಗೆ ಎ, ಸಿ ಕಪಾಟಿನ ಬಾಟಲಿಗೆ ಸಿ. ಒಂದನ್ನೂ ಆಚೆಯಿಂದ ಈಚೆಗೆ ಇಡ್ಲಿಲ್ಲ. ಯಾಕೆ, ಏನು ಸರಿಮಾಡಿದ್ರಿ?"

ಬಾಗಿಲ ಮೇಲೆ ಅಕ್ಷರವೇ? ನನಗೆ ನಗು ಬಂತು, ಅರ್ಧಕ್ಕೇ ನಿಂತಿತು. ಆ ಕಪಾಟುಗಳು ಬಂದ ಹನ್ನೊಂದು ವರ್ಷದಿಂದ ಅವುಗಳ ಮುಂದೆ ನಿಲ್ಲುತ್ತಿದ್ದೇನೆ. ಪಕ್ಕದ ಮನೆಯ ನಂಬರನ್ನು ಯಾರಾದರೂ ಓದುತ್ತಾರೆಯೇ? ಹೊಸಬರು ಓದುತ್ತಾರೆ.

"ಯಾಕತ್ತಿಗೆ, ಮುಖ ಹಾಗಾಯ್ತು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. "ನನ್ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಅತ್ತಿಗೆ. ಪಕ್ಕದ ಕೋಣೇಲೇ ಮಲಗಿರ್ತೀನಿ," ಎಂದಳು, ಪಟ್ಟಿ ಮಡಿಸಿಟ್ಟಳು. ನನಗೆ ನಾಚಿಕೆಯಾಯಿತು. ಐವತ್ತೇಳು ವರ್ಷದಲ್ಲಿ ಅಂಥ ನಾಚಿಕೆ ನನಗೆ ಆದದ್ದೇ ಇಲ್ಲ.

ಸೋಮವಾರ ಎಲ್ಲರಿಗಿಂತ ಮುಂಚೆ ಹೋಗಿ ನೋಡಿದೆ. ಬಾಗಿಲುಗಳ ನೆತ್ತಿಯಲ್ಲಿ ಉಗ್ರಾಣದವರು ಹಸಿರು ಬಣ್ಣದಲ್ಲಿ ಬರೆದದ್ದು ಇತ್ತು. ಸ್ಥಿರದ ಕಪಾಟಿಗೆ ‘ಎ’. ಏರಿಳಿತದ್ದಕ್ಕೆ ‘ಸಿ’. ನಡುವಿನ ‘ಬಿ’ ಕಪಾಟು ಕೆಟ್ಟು ಎಂದೋ ಗುಜರಿಗೆ ಹೋಗಿತ್ತು. ಅವಳು ಇಟ್ಟದ್ದು ಸರಿಯಾಗಿತ್ತು. ತಪ್ಪನ್ನು ತಿದ್ದುತ್ತೇನೆಂದು ತಪ್ಪು ಮಾಡಿದವಳು ನಾನು. ಅಂದರೆ ಹದಿನಾರು ತಲೆಮಾರು ಏರಿಳಿತದಲ್ಲಿ ಬೆಂದ ಹುಳಗಳು ಆಮೇಲೆ ಹತ್ತೊಂಬತ್ತು ತಲೆಮಾರು ತಣ್ಣಗೆ ಸ್ಥಿರದಲ್ಲಿವೆ. ಸುಖದಲ್ಲಿದ್ದವು ಏರಿಳಿತಕ್ಕೆ ಬಿದ್ದಿವೆ. ನಾನು ಸುಮ್ಮನಿದ್ದರೆ ಶುಕ್ರವಾರ ಪ್ರಬಂಧ ಹೋಗುತ್ತದೆ, ಹುಡುಗಿ ಡಾಕ್ಟರ್ ಆಗುತ್ತಾಳೆ, ಸುಳ್ಳೊಂದು ಪುಸ್ತಕದಲ್ಲಿ ಕೂರುತ್ತದೆ. ಹೇಳಿದರೆ? ಹೇಳಿದರೆ ಏನಾಗುತ್ತದೆ ಎಂದು ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಲಿಲ್ಲ. ಒಂಬತ್ತು ಗಂಟೆಗೆ ಅವಳು ಚೀಲ ಇಳಿಸುವ ಮುನ್ನವೇ ಹೇಳಿಬಿಟ್ಟೆ.

ಅವಳು ಸ್ಟೂಲಿನ ಮೇಲೆ ಕುಳಿತಳು. ಆಮೇಲೆ ಇದ್ದಕ್ಕಿದ್ದಂತೆ ಎದ್ದು ಹಳೆಯ ಪುಸ್ತಕ ತೆಗೆದು ಪುಟ ತಿರುವಿದಳು.

"ಹದಿನೇಳನೇ ತಲೆಮಾರು... ಮೊಟ್ಟೆ ಕುಸಿದಿದ್ದು ಇಲ್ಲೇ. ಅಯ್ಯೋ, ಅದಕ್ಕಾ ಕುಸಿದಿದ್ದು! ಸುಖದಲ್ಲಿದ್ದವು ಆವತ್ತೇ ಮೊದಲ ಸಲ ಬಿಸಿ ಕಂಡಿದ್ದು." ಅವಳ ಕಣ್ಣುಗಳು ಅಗಲವಾದವು. "ಅಮ್ಮಾ, ಹಾಗಾದ್ರೆ ಈ ‘ಸ್ಥಿ’ ಹುಳಗಳು ಹತ್ತೊಂಬತ್ತು ತಲೆಮಾರು ತಂಪಲ್ಲಿದ್ರೂ ಮರೆತಿಲ್ಲ. ಮುತ್ತಜ್ಜನ ಮುತ್ತಜ್ಜ ಕಲಿತಿದ್ದು ಇನ್ನೂ ಮೈಯಲ್ಲಿದೆ. ‘ಏ’ ಯಾಕೆ ಇವುಗಳಷ್ಟು ಗಟ್ಟಿ ಆಗ್ಲಿಲ್ಲ ಅನ್ನೋದು ಬೇರೆ ಪ್ರಶ್ನೆ, ಆದ್ರೆ ಇದು ಸರ್ ಹೇಳಿದ್ದಕ್ಕಿಂತ ಎಷ್ಟೋ ದೊಡ್ಡದು!"

ನನಗೆ ಅಳು ಬರುವುದರಲ್ಲಿತ್ತು. ಹಾಳಾಯಿತು ಎಂದುಕೊಂಡದ್ದು ಹಾಳೋ, ಒಳ್ಳೆಯದೋ? ಅವಳು ಆಗಲೇ ಹಾಳೆ ಎಳೆದುಕೊಂಡು ಬರೆಯತೊಡಗಿದ್ದಳು. ಹಾಜರಿ ಪುಸ್ತಕದಿಂದ ನಾನು ಕೆಲಸಕ್ಕೆ ಮರಳಿದ ತಾರೀಕು ಸಿಕ್ಕಿತು. ನಾದಿನಿಗೆ ಫೋನು ಮಾಡಿ ಅವಳು ಮಾಡಿದ್ದನ್ನು ಕೇಳಿ ಬರೆದುಕೊಂಡಳು. ನಾನೂ ಒಂದು ಹೇಳಿಕೆ ಬರೆದು ಸಹಿ ಹಾಕಿದರೆ, ಪರೀಕ್ಷಕರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟು ಅಧ್ಯಾಯವನ್ನು ನಾಲ್ಕು ದಿನದಲ್ಲಿ ತಿರುಗಿಸಿ ಬರೆಯಬಹುದು ಎಂದಳು. ಸಹಿ ಏನು, ಬೇಕಾದರೆ ಹಣೆಯ ಮೇಲೇ ಬರೆಸಿಕೊಳ್ಳುತ್ತೇನೆ ಎಂದೆ. ಇಬ್ಬರೂ ನಕ್ಕೆವು.

ಆಮೇಲೆ ಅವಳು ತಲೆ ಎತ್ತದೆಯೇ ಕೇಳಿದಳು. "ನಲವತ್ತೂ ಬದಲಾಯಿಸಿದ್ರಿ ತಾನೇ? ನಾಲ್ಕೂ ಖಾನೆ?"

ನಾನು ಕಪಾಟಿನ ಖಾನೆಗಳನ್ನು ಮೇಲಿನಿಂದ ಒಂದೊಂದಾಗಿ ನೋಡುತ್ತಾ ಬಂದೆ.

ಮೇಲಿನ ಖಾನೆ ನೆನಪಿದೆ. ಎರಡನೆಯದು ನೆನಪಿದೆ, ಅಲ್ಲಿಯೇ ಕೆಂಪು ಪೆನ್ನು ಹಿಡಿದದ್ದು. ಮೂರನೆಯದೂ ಸುಮಾರಾಗಿ ನೆನಪಿದೆ. ಕೆಳಗಿನ ಖಾನೆ ನೆಲಕ್ಕೆ ಗೇಣು ಎತ್ತರದಲ್ಲಿದೆ, ಅದನ್ನು ಮುಟ್ಟಲು ಪೂರ್ತಿ ಬಗ್ಗಬೇಕು. ಇನ್ನೂ ಹದಿನೈದು ದಿನ ಬಗ್ಗಬೇಡಿ ಎಂದು ಕಣ್ಣಿನ ಡಾಕ್ಟರು ಹಿಂದಿನ ದಿನವಷ್ಟೇ ಹೇಳಿದ್ದರು. ಸಿಟ್ಟಿನಲ್ಲಿ ಅದನ್ನು ಮರೆತು ಬಗ್ಗಿದ್ದೆನೇ? ಆಮೇಲೆ ನೋಡೋಣ ಎಂದು ಬಿಟ್ಟಿದ್ದೆನೇ? ಬಗ್ಗಿದ ಹಾಗೂ ಅನ್ನಿಸುತ್ತದೆ, ಬಿಟ್ಟ ಹಾಗೂ ಅನ್ನಿಸುತ್ತದೆ. ಮುಂದಿನ ಸಲ ಸುರಿಯುವಾಗ ಚೀಟಿ ನೋಡಿದ ನೆನಪೂ ಇಲ್ಲ, ಕಪಾಟು ನೋಡಿ ಸುರಿಯುವುದು ನನ್ನ ರೂಢಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎನ್ನುತ್ತಾರೆ. ನನಗೆ ಎಷ್ಟು ಕೊಯ್ದೆ ಎನ್ನುವುದೂ ಗೊತ್ತಿಲ್ಲ. ಸಿಟ್ಟು ಮಾತ್ರ ಚೆನ್ನಾಗಿ ನೆನಪಿದೆ.

"ಒಂದೆರಡು ಬಾಟಲಿ ಉಳಿದಿದ್ರೆ ಏನಾಗತ್ತೆ?" ಎಂದು ಕೇಳಿದೆ.

ಅವಳ ಪೆನ್ನು ನಿಂತಿತು. "ಒಂದೇ ಉಳಿದಿದ್ರೂ ಮುಂದಿನ ತಲೆಮಾರಲ್ಲಿ ಒಂದೇ ತಟ್ಟೆಗೆ ಸುರಿದು ಬೆರೆಸಿರ್ತೀರಿ. ಎರಡು ಕುಲಾನೂ ಕಲೆತುಹೋಗಿರತ್ತೆ. ಆಮೇಲೆ ಯಾವ ಹುಳ ಏನು ಕಲೀತು, ಏನು ಮರೀತು, ಏನೂ ಹೇಳೋಕಾಗಲ್ಲ." ಈಗ ಅವಳು ನನ್ನನ್ನು ನೋಡಿದಳು. "ಆದ್ರೆ ನೀವು ಎಲ್ಲಾ ಬದಲಾಯಿಸಿರ್ತೀರಿ ಅಲ್ವಾ? ನೀವು ಯಾವ ಕೆಲಸಾನೂ ಅರ್ಧಕ್ಕೆ ಬಿಡೋರಲ್ಲ."

ಹೌದು, ಬಿಡುವವಳಲ್ಲ. ಹೂಂ ಎಂದರೆ ಮುಗಿಯಿತು. ಬಹುಶಃ ಅದೇ ನಿಜ ಕೂಡ. ಆ ಎಳೆಯ ಮುಖದಲ್ಲಿ ಎಷ್ಟು ಆಸೆಯಿತ್ತೆಂದರೆ ನನ್ನ ನಾಲಿಗೆಯ ತುದಿಗೆ ಹೂಂ ಬಂದು ಕೂತಿತ್ತು. ನನ್ನ ಮಗಳಂಥವಳು. ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕುಳಿತು ಹಿಟ್ಟಿನ ಧೂಳು ಕುಡಿದವಳು. ಎರಡು ವರ್ಷದ ಹಿಂದೆಯೂ ನಾನು ಹೀಗೇ, ಒಬ್ಬರಿಗೆ ಒಳ್ಳೆಯದಾಗಲಿ ಎಂದೇ, ಬಾಯಿ ಮುಚ್ಚಿಕೊಂಡಿದ್ದೆ.

"ನೆನಪಿಲ್ಲಮ್ಮಾ," ಎಂದೆ. "ಕೆಳಗಿನ ಖಾನೆ ಬದಲಾಯಿಸಿದೆನೋ ಇಲ್ಲವೋ ನನಗೆ ನೆನಪಿಲ್ಲ."

ಅವಳು ಅಳಲಿಲ್ಲ. ಬರೆಯುತ್ತಿದ್ದ ಹಾಳೆಯನ್ನು ಪಕ್ಕಕ್ಕೆ ಸರಿಸಿದಳು.

"ಹೂಂ ಅಂದಿದ್ರೆ ನಾನು ನಂಬ್ತಿದ್ದೆ," ಎಂದಳು.

ಅದು ಬೈಗುಳವೋ, ಇನ್ನೊಮ್ಮೆ ಕೇಳಿಕೊಂಡದ್ದೋ, ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಅವಳು ಪ್ರಬಂಧದ ಕೊನೆಯ ಅಧ್ಯಾಯ ತೆಗೆದು ಮೇಜಿನ ಮೇಲೆ ಹರಡಿದಳು. ಅಂಕಿಗಳ ದೊಡ್ಡ ದೊಡ್ಡ ಕೋಷ್ಟಕಗಳು, ಅರ್ಧಕ್ಕರ್ಧ ನಾನು ಎಣಿಸಿ ಹೇಳಿದವು. ಪುಟದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸ್ಕೇಲು ಇಟ್ಟಳು. ಮೇಜಿನ ಮೇಲೆ ಹಿಟ್ಟು ಬಿದ್ದಿತ್ತು, ಸ್ಕೇಲು ನಿಲ್ಲಲಿಲ್ಲ.

"ಜಾರ್ತಿದೆ ಅಮ್ಮಾ, ಆ ತುದಿ ಹಿಡ್ಕೊಳ್ಳಿ," ಎಂದಳು.

ಹಿಡಿದುಕೊಂಡೆ. ಅವಳು ಗೆರೆ ಎಳೆದು ಅದನ್ನು ಹೊಡೆದುಹಾಕಿ ಪುಟ ತಿರುವಿದಳು. ಇಪ್ಪತ್ತೆರಡು ಪುಟಕ್ಕೂ ನಾನು ತುದಿ ಹಿಡಿದುಕೊಂಡೆ.